ಕೊಯ್ಯದೆ ಬಿಟ್ಟ ನಾಲ್ಕು ಗಿಡ

ಆಗೆಲ್ಲ ನಮ್ಮ ಬೆಳಗೋಡಿನ ಕಡೆ ಚಳಿಗಾಲ ಅಂದರೆ ಕಾಫಿ ಹಣ್ಣಿನ ಕೊಯ್ಲು. ಕಣದ ತುಂಬ ಹುಳಿ ಹುಳಿ ವಾಸನೆ, ಅಡುಗೆಮನೆಯಲ್ಲಿ ಅವರೆಕಾಳು ಸಾರು, ಬೆರಳಿಗೆಲ್ಲ ಹಣ್ಣಿನ ಅಂಟು. ರಜೆಯ ದಿನ ನಾನೂ ಪುಟ್ಟ ಕುಕ್ಕೆ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಿದ್ದೆ. ಕುಕ್ಕೆಗೆ ಬೀಳುತ್ತಿದ್ದುದಕ್ಕಿಂತ ಬಾಯಿಗೆ ಹೋಗುತ್ತಿದ್ದುದೇ ಹೆಚ್ಚು.

ನನಗಾಗ ಒಂಬತ್ತು ವರ್ಷ. ಒಂದು ದಿನ ತೋಟದ ಕೆಳಗಿನ ಮೂಲೆಯಲ್ಲಿ, ನಾಲ್ಕು ಕಾಫಿ ಗಿಡಗಳ ನಡುವೆ ತರಗೆಲೆಯ ಮೇಲೆ, ನಾವು ಕಾಡುಕುರಿ ಎನ್ನುವ ಸಣ್ಣ ಜಿಂಕೆಯ ಮರಿ ಮಲಗಿತ್ತು. ಮೈಮೇಲೆ ಬಿಳಿ ಚುಕ್ಕೆ. ಎತ್ತಿಕೊಂಡೆ. ತಲೆ ಎತ್ತಿದರೆ ಬೇಲಿಯಾಚೆ ತಾಯಿ ನಿಂತು ನನ್ನನ್ನೇ ನೋಡುತ್ತಿತ್ತು. ಮರಿಯನ್ನು ಮತ್ತೆ ಕೆಳಗಿಡಬೇಕಿತ್ತು. ಇಡಲಿಲ್ಲ, ಮನೆಗೆ ಓಡಿದೆ.

“ತಾಯಿ ಕಾಣ್ಲಿಲ್ವೇನವ್ವ?” ಅಪ್ಪ ಕೇಳಿದರು.

“ಇಲ್ಲ ಕಣಪ್ಪ, ಇದೊಂದೇ ಇತ್ತು.”

ಸಾಕಿಕೊಳ್ಳುವ ಆಸೆ ನನಗೆ. ಆದರೆ ಮರಿ ಹಾಲು ಮುಟ್ಟಲಿಲ್ಲ. ಮಾರನೆಯ ದಿನ ಅಪ್ಪ ಅರಣ್ಯ ಇಲಾಖೆಯವರನ್ನು ಕರೆಸಿದರು. ಅವರು ಅದನ್ನು ಜೀಪಿನಲ್ಲಿ ದೂರದ ಪ್ರಾಣಿ ರಕ್ಷಣಾ ಕೇಂದ್ರಕ್ಕೆ ಕೊಂಡೊಯ್ದರು.

ಅವತ್ತು ಸಂಜೆ ಆ ಮೂಲೆಯಲ್ಲಿ ಕೂಗು ಶುರುವಾಯಿತು. ನಾಯಿ ಬೊಗಳಿದಂತೆ, ಬಿಟ್ಟು ಬಿಟ್ಟು.

“ಚಿರತೆ ಕಂಡಿರ್ಬೇಕು, ಅದ್ಕೇ ಕಾಡುಕುರಿ ಹಂಗೆ ಕೂಗ್ತಾ ಐತೆ” ಎಂದಳು ಹಣ್ಣು ಕೊಯ್ಯಲು ಬರುತ್ತಿದ್ದ ಗಿರಿಜಕ್ಕ. ನನಗೆ ಮಾತ್ರ ಗೊತ್ತಿತ್ತು.

ಮರಿ ನೋಡಲು ಹೋಗೋಣ ಎಂದು ಅಪ್ಪನ ಬೆನ್ನು ಬಿದ್ದೆ. “ಕೊಯ್ಲು ಒಂದು ಮುಗೀಲಿ ಕಣವ್ವ. ಸಂಕ್ರಾಂತಿ ಆದ ಮಾರ್ನೆ ದಿನಾನೇ ಹೊರಡಣ” ಎಂದರು. ನನ್ನ ಯೋಚನೆ ನೋಡಿ ಬರುವುದಾಗಿರಲಿಲ್ಲ, ಅದನ್ನು ವಾಪಸು ತರುವುದು. ತಂದು ಅದೇ ಜಾಗದಲ್ಲಿ ಮಲಗಿಸಿಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿರಲಿಲ್ಲ. ಸುತ್ತಿ ತರಲು ಅಮ್ಮನ ಹಳೇ ಶಾಲು ಒಗೆದು ಮಡಿಸಿಟ್ಟೆ. ಜನ ಓಡಾಡಿದರೆ ತಾಯಿ ಬೆದರಿ ಹೋದೀತೆಂದು, ಆ ನಾಲ್ಕು ಗಿಡ ಕೊಯ್ಯಬೇಡ ಎಂದು ಗಿರಿಜಕ್ಕನ ಸೆರಗು ಹಿಡಿದೆ.

“ಹಣ್ಣೆಲ್ಲ ಉದುರಿ ಹಾಳಾಗೋಯ್ತದಲ್ಲೇ ಮಾರಾಯ್ತಿ!”

ಅಪ್ಪ ನಕ್ಕರು. “ಹೋಗ್ಲಿ ಬುಡು ಗಿರಿಜಾ, ನಾಕು ಗಿಡ ತಾನೆ.”

ಸಂಕ್ರಾಂತಿಯ ದಿನ, ನಾನು ಎಳ್ಳು ಬೆಲ್ಲ ಮೆಲ್ಲುತ್ತ ನಿಂತಿದ್ದಾಗ, ನಾಳೆ ಬರುತ್ತೇವೆಂದು ಹೇಳಲು ಅಪ್ಪ ಕೇಂದ್ರಕ್ಕೆ ಫೋನ್ ಮಾಡಿದರು. ಮಾತು ಮುಗಿಸಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಮರಿ ಹೋಗ್ಬುಡ್ತಂತೆ ಕಣವ್ವ. ಬಾಟ್ಲಲ್ಲಿ ಹಾಲು ಕುಡ್ಸಿ ಭಾಳ ನೋಡಿದ್ರಂತೆ. ತಾಯಿಲ್ಲದ ಮರಿ, ಬದುಕೋದು ಕಷ್ಟ. ನೀನು ಎತ್ಕಂಡು ಬಂದಿದ್ಕೆ ಅಷ್ಟು ದಿನಾನಾದ್ರೂ ಇತ್ತು.”

ಅದರ ಬದಲು ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಬಿಕ್ಕಿ ಬಿಕ್ಕಿ ಅತ್ತೆ. ಮರಿಗಾಗಿ ಅಳುತ್ತಿದ್ದೇನೆ ಅಂದುಕೊಂಡು ಅವರು ತಲೆ ಸವರುತ್ತಲೇ ಇದ್ದರು. ತಾಯಿ ಮತ್ತೂ ಕೆಲವು ಸಂಜೆ ಕೂಗಿತು. ಆಮೇಲೆ ನಿಂತಿತು.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ, ಈಗ ಹೇಳಲು ಅವರೇ ಇಲ್ಲ. ಕಾಡುಕುರಿಯ ಕೂಗು ಕೇಳಿಯೂ ಎಷ್ಟೋ ಕಾಲವಾಯಿತು. ತೋಟ ನೋಡಿಕೊಳ್ಳುವವಳು ನಾನೇ. ಪ್ರತಿ ಕೊಯ್ಲಿನಲ್ಲೂ ಆ ನಾಲ್ಕು ಗಿಡ ಕೊಯ್ಯದೆ ಬಿಡಲು ಹೇಳುತ್ತೇನೆ. ಹೊಸ ಆಳುಗಳು ಯಾಕೆ ಎಂದರೆ, ಹಲ್ಲುದುರಿದ ಗಿರಿಜಕ್ಕನೇ ಉತ್ತರ ಕೊಡುತ್ತಾಳೆ:

“ಈ ನಮ್ಮವ್ವ ಚಿಕ್ಕೋಳಿದ್ದಾಗ ತಾಯಿಲ್ಲದ ಮರಿ ಒಂದನ್ನ ಕಾಪಾಡಿತ್ತು ಕಣ್ರೀ.”

ನಾನು ಇವತ್ತಿಗೂ ಅಲ್ಲ ಎಂದಿಲ್ಲ.