ಬೀಗದಕ್ಕನ ಮೂವತ್ತೆಂಟನೆಯ ವಾರ

ಎಲ್ಲರೂ ಅವಳನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ತನಗೆ ಮೂವತ್ತು ದಾಟುವ ಮೊದಲೇ, ಹಲ್ಲು ಬಿದ್ದ ಮುದುಕರೂ ತನ್ನನ್ನು ಅಕ್ಕ ಅನ್ನುತ್ತಾರಲ್ಲ ಎಂದು ಮೊದಮೊದಲು ಮುಖ ಸಿಂಡರಿಸುತ್ತಿದ್ದಳು. ಆಮೇಲೆ ತಾನೇ ಆ ಹೆಸರನ್ನು ಅಂಗಡಿಯ ಬೋರ್ಡಿನ ಮೇಲೆ ಬರೆಸಿದಳು. ಅಂಗಡಿ ಎಂದರೆ ದೊಡ್ಡದೇನಲ್ಲ, ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ನೆಟ್ಟಗೆ ನಿಂತರೆ ತಲೆ ಮೇಲಕ್ಕೆ ತಾಗುತ್ತದೆ. ಒಂದು ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಗಳು, ಎದುರಿಗೆ ಕೀ ಕತ್ತರಿಸುವ ಮೆಷಿನ್ನು, ಅರಗಳನ್ನಿಟ್ಟ ಡಬ್ಬ, ಒಂದು ಬೆಂಚು. ಕಸುಬು ಅಪ್ಪನದು. ಅಪ್ಪನ ಕಣ್ಣು ಮಂಜಾದ ಮೇಲೆ ಅವಳು ಪಕ್ಕದಲ್ಲಿ ಕೂತು ಕೆಲಸ ಕಲಿತಳು, ಅಪ್ಪ ಹೋದ ಮೇಲೆ ಅಂಗಡಿ ಹಿಡಿದಳು. ಎರಡು ತಂತಿ ಕೈಗೆ ಸಿಕ್ಕರೆ ಸಾಕು, ತೆರೆಯದ ಬಾಗಿಲಿಲ್ಲ ಎಂಬ ಹೆಸರು ಆ ಬೀದಿಯಲ್ಲಿ ಅವಳಿಗಿತ್ತು.

ಅವಳು ಈಗ ತುಂಬು ಬಸುರಿ. ಹೊಟ್ಟೆ ಮೆಷಿನ್ನಿಗೆ ಅಡ್ಡ ಬರುತ್ತಿದ್ದುದರಿಂದ ಓರೆಯಾಗಿ ಕೂತು ಕೆಲಸ ಮಾಡುತ್ತಿದ್ದಳು. ಮೆಷಿನ್ನು ಕಿರ್ರೆಂದಾಗಲೆಲ್ಲ ಒಳಗಿನಿಂದ ಒಂದು ಒದೆತ ಬೀಳುತ್ತಿತ್ತು. ಪಕ್ಕದ ಚಪ್ಪಲಿ ಅಂಗಡಿಯವನು, "ಅಕ್ಕಾ, ನಿನ್ ಮಗು ಡಾಕ್ಟರಿಗೆ ಕಾಯಲ್ಲ ನೋಡು. ಬಾಗಿಲು ತಾನೇ ತಕ್ಕೊಂಡು ಬರುತ್ತೆ" ಎಂದು ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಆ ನಗು ತುಟಿಯಿಂದ ಒಳಗೆ ಇಳಿಯುತ್ತಿರಲಿಲ್ಲ.

ಏಕೆಂದರೆ ಇದು ಎರಡನೆಯದು. ಮೂರು ವರ್ಷದ ಹಿಂದೆ ಮೊದಲನೆಯದು, ದಿನ ತುಂಬಲು ಎರಡೇ ವಾರ ಉಳಿದಿದ್ದಾಗ, ಹೊಟ್ಟೆಯೊಳಗೇ ಹೋಗಿಬಿಟ್ಟಿತ್ತು. ಹಿಂದಿನ ದಿನ ಮಗು ಯಾಕೋ ಆಡುತ್ತಿಲ್ಲ ಅನ್ನಿಸಿ ಅತ್ತೆಗೆ ಹೇಳಿದ್ದಳು. "ಕೊನೇ ದಿನಗಳಲ್ಲಿ ಒಳಗೆ ಜಾಗ ಎಲ್ಲಿರುತ್ತಮ್ಮ, ಆಡೋದಕ್ಕೆ? ಸುಮ್ನೆ ಮಲಕ್ಕೋ" ಎಂದಿದ್ದರು ಅತ್ತೆ. ಮಲಗಿದಳು. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿಂಗಿನ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಆ ಮೌನದಲ್ಲೇ ಅವಳಿಗೆ ಎಲ್ಲ ಗೊತ್ತಾಗಿತ್ತು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಅತ್ತೆಯಂತೂ ಆ ಕೊನೆಯ ದಿನದ ಬಗ್ಗೆ ತುಟಿ ಬಿಚ್ಚಿದ್ದೇ ಇಲ್ಲ.

ಗಂಡ ಸಿಟಿ ಬಸ್ಸಿನ ಡ್ರೈವರು. ಈ ಸಲ ಅವನು ಗಾಬರಿಯನ್ನೆಲ್ಲ ತಯಾರಿಗೆ ಹಾಕಿದ್ದ. ಮನೆಯಿಂದ ಆಸ್ಪತ್ರೆಗೆ ಹದಿನೇಳು ನಿಮಿಷ, ಶಾಲೆ ಬಿಡುವ ಹೊತ್ತಾದರೆ ಇಪ್ಪತ್ತೈದು, ಸೇತುವೆ ಮೇಲೆ ಜಾಮಾದರೆ ಮಾರ್ಕೆಟ್ಟಿನ ಹಿಂದಿನ ಗಲ್ಲಿ ಹಿಡಿಯಬೇಕು ಎಂದು ಲೆಕ್ಕ ಹಾಕಿ ಗೋಡೆಯ ಕ್ಯಾಲೆಂಡರಿನ ಅಂಚಿಗೆ ಬರೆದಿದ್ದ. ಆಸ್ಪತ್ರೆಯವರು ಕೊಟ್ಟ ಪಟ್ಟಿ ಹಿಡಿದು ಬ್ಯಾಗು ತುಂಬಿಸಿದ್ದೂ ಅವನೇ. ತಾಯಿಯ ಸಾಮಾನೆಲ್ಲ ಮುಗಿದ ಮೇಲೆ, "ಮಗೂದು?" ಎಂದು ಕೇಳಿದ.

"ಆಮೇಲೆ ನೋಡೋಣ" ಎಂದಳು.

ಅತ್ತೆ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. ಆ ಮನೆಗೆ ಮಗುವಿನದೆಂದು ಒಂದು ಕಾಲುಚೀಲವೂ ಬಂದಿರಲಿಲ್ಲ.

ಡಾಕ್ಟರಮ್ಮ ಒಂದು ವಿಧಾನ ಹೇಳಿಕೊಟ್ಟಿದ್ದರು. ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಮಗುವಿನ ಅಲುಗಾಟ ಎಣಿಸಬೇಕು. ಎರಡು ಗಂಟೆಯೊಳಗೆ ಹತ್ತಾದರೂ ಆಗಬೇಕು. "ಆದ್ರೆ ಒಂದು ಮಾತು. ಅನುಮಾನ ಬಂತೋ, ಎಣಿಸ್ತಾ ಕೂರಬೇಡಿ. ನೇರ ಬಂದ್ಬಿಡಿ" ಎಂದೂ ಹೇಳಿದ್ದರು. ಅವಳು ಅಂಗಡಿಯ ಬೆಂಚಿನ ಮೇಲೆ ಮಲಗಿ ಎಣಿಸುತ್ತಿದ್ದಳು. ಲೆಕ್ಕ ತಪ್ಪದಿರಲಿ ಎಂದು ಹಲ್ಲು ಕೊರೆಯದ ಹತ್ತು ಕೀ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಅಲುಗಾಟಕ್ಕೆ ಒಂದೊಂದನ್ನು ತಗಡಿನ ಡಬ್ಬಿಗೆ ಹಾಕುವಳು. ಮಾಮೂಲಿಯಾಗಿ ಅರ್ಧ ಗಂಟೆಯಲ್ಲೇ ಡಬ್ಬಿಗೆ ಹತ್ತೂ ಬೀಳುತ್ತಿದ್ದವು.

ಮೂವತ್ತಾರನೆಯ ವಾರದಲ್ಲಿ ಒಂದು ದಿನ ಐದಕ್ಕೇ ನಿಂತಿತು. ಆಸ್ಪತ್ರೆಗೆ ಓಡಿದಳು. ಹೊಟ್ಟೆಗೆ ಬೆಲ್ಟು ಕಟ್ಟಿದರು. ಕುದುರೆ ಓಡುವ ಹಾಗೆ ಮಗುವಿನ ಎದೆಬಡಿತ ಕೇಳಿಸಿತು. "ಚೆನ್ನಾಗಿದೆ. ಬಂದಿದ್ದು ಒಳ್ಳೇದಾಯ್ತು" ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು.

ಮುಂದಿನ ವಾರ ಮತ್ತೆ ಹಾಗೇ ಆಯಿತು. ಅವತ್ತು ಡಾಕ್ಟರಮ್ಮ ಇರಲಿಲ್ಲ. ನಿದ್ದೆಗೆಟ್ಟ ಮುಖದ ನರ್ಸೊಬ್ಬಳು ಚೀಟಿ ನೋಡಿ, "ಮತ್ತೆ ನೀವೇನಾ?" ಎಂದಳು. ಬೆಲ್ಟು ಕಟ್ಟಿದ್ದೇ ತಡ, ಮಗು ಬೆಲ್ಟೇ ಎಗರುವಂತೆ ಒದೆಯಿತು. ಸಾಲಿನಲ್ಲಿ ಕೂತಿದ್ದ ಹೆಂಗಸರು ನಕ್ಕರು. "ನೋಡಿ, ಫುಟ್ಬಾಲ್ ಆಡ್ತಿದೆ! ಹೀಗೆ ದಿನಾ ಹೆದರಿಕೊಂಡು ಓಡಿ ಬಂದ್ರೆ ನಿಮಗೂ ಕಷ್ಟ, ನಮಗೂ ಕಷ್ಟ" ಎಂದಳು ನರ್ಸು. ಅವಳ ದನಿಯಲ್ಲಿ ಕೇಡಿರಲಿಲ್ಲ, ದಣಿವಿತ್ತು. ಆದರೂ ಬೀಗದಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಹೊರಗೆ ಬಂದು ಗಂಡನಿಗೆ ಫೋನು ಮಾಡಿ, "ಇನ್ನು ನೋವು ಬರೋವರೆಗೂ ಆ ಕಡೆ ತಲೆ ಹಾಕಲ್ಲ" ಎಂದಳು.

ಮೂವತ್ತೆಂಟನೆಯ ವಾರದ ಒಂದು ಬೆಳಗ್ಗೆ, ಹತ್ತೂವರೆಯ ಹೊತ್ತಿಗೆ, ಎದುರು ಕಟ್ಟಡದ ಹೆಂಗಸೊಬ್ಬಳು ಬರಿಗಾಲಲ್ಲಿ ಓಡಿ ಬಂದಳು.

"ಬೀಗದಕ್ಕಾ, ಬೇಗ ಬಾ! ಮಗಳು ಅಡುಗೆಮನೆ ಬಾಗಿಲು ಹಾಕ್ಕೊಂಡ್ಬಿಟ್ಟಿದಾಳೆ. ಒಲೆ ಮೇಲೆ ಹಾಲಿಟ್ಟಿದ್ದೆ!"

"ಎಷ್ಟು ವರ್ಷ?"

"ಎರಡು ತುಂಬಿಲ್ಲ!"

ಚಪ್ಪಲಿ ಅಂಗಡಿಯವನು, "ಅಕ್ಕಾ, ಮೂರನೇ ಮಹಡಿ ಅದು, ನಿನ್ನ ಕೈಲಾಗುತ್ತಾ?" ಎನ್ನುವಷ್ಟರಲ್ಲಿ ಅವಳು ತಂತಿಗಳ ಚೀಲ ಹಿಡಿದು ರಸ್ತೆ ದಾಟಿಯಾಗಿತ್ತು. ಮೆಟ್ಟಿಲ ಕಂಬಿ ಹಿಡಿದು, ಒಂದೊಂದು ತಿರುವಿನಲ್ಲಿ ನಿಂತು ಉಸಿರೆಳೆದುಕೊಂಡು ಹತ್ತಿದಳು. ಮೇಲೆ ಹೋದಾಗ ಹಾಲು ಸೀದ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಕೂಸು ಅಳುತ್ತಿತ್ತು. ಹಿಡಿಯ ನಡುವಿನ ಗುಂಡಿ ಒಳಗಿನಿಂದ ಒತ್ತಿದರೆ ಬೀಳುವಂಥ ಬೀಗ ಅದು. ಬೇರೆ ದಿನವಾಗಿದ್ದರೆ ಮಂಡಿಯೂರಿ ಅರೆ ನಿಮಿಷದಲ್ಲಿ ತೆಗೆಯುತ್ತಿದ್ದಳು. ಈಗ ಹೊಟ್ಟೆ ಬಿಡಲಿಲ್ಲ. ನೆಲದ ಮೇಲೆ ಪಕ್ಕಕ್ಕೆ ಕಾಲು ಚಾಚಿ, ಕೈ ಮೇಲೆತ್ತಿ, ಕಣ್ಣಿಗೆ ಕಾಣದ ತೂತಿನಲ್ಲಿ ತಂತಿ ಆಡಿಸಿದಳು. ಒಂದು ಸಲ ಜಾರಿತು. ಎರಡನೆಯ ಸಲವೂ ಜಾರಿತು. ಹಿಂದೆ ತಾಯಿ ಕೈ ಕೈ ಹಿಸುಕಿಕೊಳ್ಳುತ್ತಿದ್ದಳು. ಮೂರನೆಯ ಸಲ ಟಕ್ಕೆಂದಿತು. ಹೊಗೆ ತುಂಬಿದ ಕೋಣೆಯಲ್ಲಿ ಕೂಸು ಮೇಜಿನ ಕೆಳಗೆ ಚಮಚ ಹಿಡಿದು ಕೂತಿತ್ತು. ಪಾತ್ರೆ ಕರಿಯಾಗಿತ್ತು, ಮಗುವಿಗೆ ಏನೂ ಆಗಿರಲಿಲ್ಲ.

ತಾಯಿ ಮಗುವನ್ನು ಅವಚಿಕೊಂಡು ಅಳುತ್ತಿರುವಾಗ ಬೀಗದಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬೆವರು ಒರೆಸಿಕೊಂಡಳು. ಆಗಲೇ ಅವಳಿಗೆ ಹೊಳೆದದ್ದು. ಇಷ್ಟು ಗಲಾಟೆ, ಇಷ್ಟು ಮೆಟ್ಟಿಲು, ಇಷ್ಟು ಕೂಗಾಟ ಆದರೂ ಒಳಗಿನಿಂದ ಒಂದು ಅಲುಗಾಟವೂ ಇಲ್ಲ. ನೆನಪು ಮಾಡಿಕೊಂಡಳು. ಬೆಳಗ್ಗೆ ಮೆಷಿನ್ನು ಕಿರ್ರೆಂದಾಗ? ಒದೆತ ಬಿದ್ದಿತ್ತೇ? ನೆನಪಾಗಲಿಲ್ಲ.

ಅಂಗಡಿಗೆ ಮರಳಿ ತಣ್ಣೀರು ಕುಡಿದು ಬೆಂಚಿನ ಮೇಲೆ ಎಡಮಗ್ಗುಲಾದಳು. ಮೆಟ್ಟಿಲು ಹತ್ತುವಾಗ ತೊಟ್ಟಿಲು ತೂಗಿದಂತಾಗಿ ಮಗು ಮಲಗಿರಬೇಕು, ಏಳುತ್ತದೆ ಎಂದುಕೊಂಡಳು. ಬಹಳ ಹೊತ್ತಿನ ಮೇಲೆ ಒಂದು ಕೀ ಡಬ್ಬಿಗೆ ಬಿತ್ತು. ಆಮೇಲೆ ಇನ್ನೊಂದು, ಅದೂ ಅನುಮಾನದ್ದೇ. ಗಂಡನಿಗೆ ಫೋನು ಮಾಡಿದಳು. ಬಸ್ಸು ಓಡಿಸುವಾಗ ಅವನು ಎತ್ತುವುದಿಲ್ಲ, ಗೊತ್ತಿದ್ದೂ ಮಾಡಿದಳು. ಆಸ್ಪತ್ರೆಯ ನಂಬರು ತೆಗೆದಳು. ಆ ನರ್ಸಿನ ಮುಖ ಕಣ್ಣ ಮುಂದೆ ಬಂತು, ಸಾಲಿನ ಹೆಂಗಸರ ನಗು ಕಿವಿಯಲ್ಲಿ ಕೇಳಿಸಿತು. ಫೋನು ಕೆಳಗಿಟ್ಟಳು. ಇನ್ನೊಂದು ಗಂಟೆ ನೋಡೋಣ, ಸಂಜೆ ಗಂಡ ಬರಲಿ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಧ್ಯಾಹ್ನ ಒಂದರ ಹೊತ್ತಿಗೆ ಅತ್ತೆ ಊಟದ ಡಬ್ಬಿ ಹಿಡಿದು ಬಂದರು. ಸೊಸೆಯ ಮುಖ ನೋಡಿದರು. ಆಮೇಲೆ ತಗಡಿನ ಡಬ್ಬಿಯೊಳಗೆ ಬಗ್ಗಿ ನೋಡಿದರು. ಕೀ ಎಣಿಸುವ ವಿಷಯ ಅವರಿಗೆ ಗೊತ್ತಿದೆ ಎಂದು ಅವಳು ಅಂದುಕೊಂಡೇ ಇರಲಿಲ್ಲ.

"ಎರಡೇನಾ?"

"ಹೂಂ."

"ಎಷ್ಟು ಹೊತ್ತಾಯ್ತು ಮಲಗಿ?"

"ಒಂದೂವರೆ ಗಂಟೆ. ಮೆಟ್ಟಿಲು ಹತ್ತಿದ್ದೆ ಅತ್ತೆ, ಅದಕ್ಕೇ ನಿದ್ದೆ ಹೋಗಿರ್ಬೇಕು. ಸಂಜೆವರೆಗೆ ನೋಡಿ..."

"ಏಳು."

"ಮತ್ತೆ ಹೋದ್ರೆ ನಗ್ತಾರೆ ಅತ್ತೆ. ಎರಡು ಸಲ ಆಯ್ತು."

"ನಗಲಿ! ಹೊಟ್ಟೆ ತುಂಬ ನಗಲಿ. ನಾಳೆ ಹೋಗಿ ನಾಲ್ಕನೇ ಸಲಾನೂ ನಗಿಸೋಣ. ಏಳು ಮೇಲೆ."

ಅವಳು ಕದಲಲಿಲ್ಲ. ಅತ್ತೆ ಬೆಂಚಿನ ತುದಿಯಲ್ಲಿ ಕೂತು ಅವಳ ಕೈ ಹಿಡಿದುಕೊಂಡರು.

"ಅವತ್ತು ಮಲಕ್ಕೋ ಅಂದೋಳು ನಾನೇ. ಮೂರು ವರ್ಷ ಆಯ್ತು, ಆ ಮಾತು ನನ್ನ ಗಂಟಲಲ್ಲೇ ಕೂತಿದೆ. ನೀನು ಒಂದು ದಿನಾನೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಇವತ್ತು ನಾನೇ ಹೇಳ್ತಿದೀನಿ, ಎದ್ದೇಳು ಮಗಳೇ."

ಮಗಳೇ ಎಂದು ಅವರು ಕರೆದದ್ದು ಅದೇ ಮೊದಲು. ಅವಳು ಎದ್ದಳು.

ಚಪ್ಪಲಿ ಅಂಗಡಿಯವನು ಅವತ್ತು ತಮಾಷೆ ಮಾಡಲಿಲ್ಲ. ಸಾಮಾನು ತರುವ ತನ್ನ ಪುಟ್ಟ ವ್ಯಾನಿನಿಂದ ಅರ್ಧ ಡಬ್ಬಗಳನ್ನು ರಸ್ತೆಗೆ ಎಸೆದು ಇಬ್ಬರಿಗೂ ಜಾಗ ಮಾಡಿದ. ಸೇತುವೆಯ ಮೇಲೆ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. "ಮಾರ್ಕೆಟ್ ಹಿಂದಿನ ಗಲ್ಲಿ" ಎಂದಳು ಅವಳು. ದಾರಿಯುದ್ದಕ್ಕೂ ಅತ್ತೆ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು.

ಆಸ್ಪತ್ರೆಯಲ್ಲಿ ಅದೇ ನರ್ಸು ಇದ್ದಳು. ತಲೆಯೆತ್ತಿ ನೋಡಿ ಏನೋ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ, "ಮೂರನೇ ಸಲ ಬಂದಿದೀವಿ. ಬೈಯೋದಿದ್ರೆ ಆಮೇಲೆ ಬೈಯಮ್ಮ, ಮೊದ್ಲು ಬೆಲ್ಟು ಕಟ್ಟು" ಎಂದರು. ನರ್ಸು ಕಟ್ಟಿದಳು. ಬಡಿತ ಕೇಳಿಸಿತು. ಬೀಗದಕ್ಕನಿಗೆ ಹೋದ ಜೀವ ಬಂದಂತಾಯಿತು, ಆದರೆ ನರ್ಸು ಅಲ್ಲಿಂದ ಅಲುಗಲಿಲ್ಲ. ಮೆಷಿನ್ನಿನಿಂದ ಬರುತ್ತಿದ್ದ ಕಾಗದವನ್ನೇ ದಿಟ್ಟಿಸುತ್ತಿದ್ದಳು. ಕುದುರೆಯ ಓಟ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಮತ್ತೆ ಎದ್ದುಕೊಂಡಿತು. ಎರಡನೆಯ ಸಲ ಇಳಿದಾಗ ನರ್ಸು ಕಾಗದ ಹರಿದುಕೊಂಡು ಓಡಿದಳು.

ಡಾಕ್ಟರಮ್ಮ ಬಂದರು. ಈ ಸಲ ಅವರು ಏನನ್ನೂ ತಮ್ಮ ಕಡೆ ತಿರುಗಿಸಿಕೊಳ್ಳಲಿಲ್ಲ. ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. "ಮಗು ಒಳಗೆ ಸೋಲ್ತಾ ಇದೆ. ಈಗ್ಲೇ ಆಪರೇಷನ್ ಮಾಡಿ ತೆಗೀಬೇಕು. ಸರೀನಾ?"

"ಬದುಕಿದೆಯಾ?"

"ಬದುಕಿದೆ. ಅದಕ್ಕೇ ಓಡ್ತಾ ಇದೀವಿ."

ಆಮೇಲಿನದೆಲ್ಲ ಅವಳಿಗೆ ತುಂಡುತುಂಡಾಗಿ ನೆನಪಿದೆ. ಚಾವಣಿಯ ದೀಪಗಳು ಹಿಂದಕ್ಕೆ ಓಡಿದವು. ಬೆನ್ನಿಗೆ ಚುಚ್ಚಿದಾಗ ಆ ನರ್ಸೇ ಅವಳ ಹೆಗಲು ಹಿಡಿದಿದ್ದಳು. ಎದೆಯ ಕೆಳಗೆ ಹಸಿರು ಬಟ್ಟೆಯ ಗೋಡೆ ಎದ್ದಿತು. ನೋವಿರಲಿಲ್ಲ, ಯಾರೋ ಒಳಗೆ ಕೈ ಹಾಕಿ ಎಳೆದಾಡಿದಂತಿತ್ತು. "ನೀರು ಹಸಿರಾಗಿದೆ, ಮಗು ಒಳಗೇ ಮಲ ಮಾಡ್ಕೊಂಡಿದೆ" ಎಂದರು ಒಬ್ಬರು. ಹೊಟ್ಟೆ ಹಗುರಾಯಿತು. ಆದರೆ ಅಳು ಕೇಳಿಸಲಿಲ್ಲ.

ಎಲ್ಲೋ ಮೂಲೆಯಲ್ಲಿ ಹೆಜ್ಜೆಗಳ ಸದ್ದು, ಏನೋ ಉಜ್ಜುವ ಸದ್ದು. ಅಷ್ಟು ದೀರ್ಘವಾದ ಹೊತ್ತು ತನ್ನ ಜೀವಮಾನದಲ್ಲೇ ಬಂದಿಲ್ಲ ಎಂದು ಆಮೇಲೆ ಹೇಳುತ್ತಿದ್ದಳು. ಎರಡು ನಿಮಿಷವಂತೆ. ನಂತರ ಒಂದು ಸಣ್ಣ ಕೆಮ್ಮು ಬಂತು. ಅದರ ಹಿಂದೆಯೇ ಬೆಕ್ಕಿನ ಮರಿಯಂಥ, ಕೋಪಗೊಂಡ ಅಳು.

"ಹೆಣ್ಣು" ಎಂದಳು ನರ್ಸು. ಅವಳ ಕಣ್ಣೂ ಒದ್ದೆಯಾಗಿತ್ತು.

ಮಗುವನ್ನು ನಾಲ್ಕು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಸುದ್ದಿ ಕೇಳಿದ ಗಂಡ ಡಿಪೋದಿಂದ ಖಾಕಿ ಬಟ್ಟೆಯಲ್ಲೇ ಓಡಿ ಬಂದು, ಗಾಜಿಗೆ ಮೂಗು ಒತ್ತಿ ನಿಂತುಬಿಟ್ಟ. ಮಗುವಿನ ಬಟ್ಟೆ ಕೊಡಿ ಎಂದು ಆಸ್ಪತ್ರೆಯವರು ಕೇಳಿದಾಗ ಅತ್ತೆ ಬಿಟ್ಟ ಕಣ್ಣು ಬಿಟ್ಟಂತೆ ನಿಂತರು. ಆಮೇಲೆ ಎದುರಿನ ಅಂಗಡಿಗೆ ಓಡಿ, ಗಡಿಬಿಡಿಯಲ್ಲಿ ವರ್ಷದ ಮಗುವಿನ ಅಳತೆಯ ಆರು ಅಂಗಿ ತಂದರು. ಒಂದರೊಳಗೆ ಮಗು ಇಡೀ ಮುಳುಗಿ ಹೋಯಿತು. ಮನೆಗೆ ಹೊರಡುವ ದಿನ ಡಾಕ್ಟರಮ್ಮ, "ಸಂಜೆವರೆಗೆ ಕಾದಿದ್ರೆ..." ಎಂದು ಶುರು ಮಾಡಿ, ಮುಂದಿನ ಮಾತು ನುಂಗಿಕೊಂಡು ಮಗುವಿನ ಕೆನ್ನೆ ಸವರಿದರು. ನರ್ಸು ಬಾಗಿಲವರೆಗೆ ಬಂದಳು. "ಅವತ್ತು ನಾನು ಹಾಗೆ ಅನ್ನಬಾರದಿತ್ತು" ಎಂದಳು. "ಅಂದಿದ್ದು ಹೋಯ್ತು ಬಿಡಿ. ಇನ್ಯಾರಿಗೂ ಅನ್ನಬೇಡಿ" ಎಂದಳು ಬೀಗದಕ್ಕ.

ಮನೆಗೆ ಬಂದರೂ ಹೆದರಿಕೆ ಒಮ್ಮೆಲೇ ಬಿಟ್ಟು ಹೋಗಲಿಲ್ಲ. ವಾರಗಟ್ಟಲೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಂತೆ ಕೂತಿದ್ದಳು. ಮಗು ನಿದ್ದೆ ಮಾಡಿದರೆ ಮೂಗಿನ ಬಳಿ ಬೆರಳು ಹಿಡಿಯುವಳು, ಎದೆ ಏರಿಳಿಯುವುದನ್ನು ನೋಡುವಳು, ಎರಡು ನಿಮಿಷಕ್ಕೆ ಮತ್ತೆ ನೋಡುವಳು. ಯಾರು ಹೇಳಿದರೂ ಕೇಳಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತರು. ಹತ್ತು ನಿಮಿಷ ಬಿಟ್ಟು ಒಳಗೆ ಇಣುಕಿದರೆ ಸೊಸೆ ಗೋಡೆಗೆ ಒರಗಿದಲ್ಲೇ ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು.

ಆ ಹೊತ್ತಿಗೇ ಯಾರೋ ಏದುಸಿರು ಬಿಡುತ್ತ ಬಂದರು. "ಬೀಗದಕ್ಕ ಇದಾರಾ? ಮನೆ ಬಾಗಿಲು ಹಾಕ್ಕೊಂಡ್ಬಿಟ್ಟಿದೆ, ಕೀ ಒಳಗೇ ಇದೆ."

"ಒಳಗೆ ಯಾರಾದ್ರೂ ಇದಾರಾ?"

"ಯಾರೂ ಇಲ್ಲ."

"ಒಲೆ ಉರೀತಿದೆಯಾ?"

"ಇಲ್ಲಮ್ಮ."

"ಹಾಗಾದ್ರೆ ಇಲ್ಲೇ ಕೂತ್ಕೊಳಪ್ಪ, ನೆರಳಿದೆ" ಎಂದರು ಅತ್ತೆ, ದನಿ ತಗ್ಗಿಸಿ. "ನನ್ನ ಮಗಳು ಮಲಗಿದಾಳೆ. ಎಬ್ಬಿಸಲ್ಲ."

ಆತ ಕೂತ. ಬೀಗದಕ್ಕ ಅವತ್ತು ಮೂರು ಗಂಟೆ ಮಲಗಿದಳು.