ಕನ್ಯೆ ನೋಡಲು ಹೋಗಿ ಅಧ್ಯಾಯ ಓದಿದ್ದು

ಮದುವೆಯ ಮಾತಿನಲ್ಲಿ ನಮ್ಮ ಕಡೆಯ ಕ್ರೈಸ್ತರು ಉಳಿದವರಿಗಿಂತ ಬೇರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಲ ಎಷ್ಟು, ನೌಕರಿ ಪಕ್ಕಾ ಆಗಿದೆಯೋ ಇಲ್ಲವೋ, ಹುಡುಗನಿಗೆ ಬೀಡಿಯ ಚಟ ಇದೆಯೋ ಎಂದು ನಾವೂ ಕೇಳುತ್ತೇವೆ. ಒಂದು ಪ್ರಶ್ನೆ ಮಾತ್ರ ನಮ್ಮಲ್ಲಿ ಹೆಚ್ಚು: ‘ಹುಡುಗ ದಿನಾ ವಾಕ್ಯ ಓದ್ತಾನೇನ್ರೀ?’

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಆ ಪ್ರಶ್ನೆ ನನ್ನ ಬಾಗಿಲಿಗೂ ಬಂತು. ನಾನು ಲಿಂಗಸುಗೂರಿನವನು, ಮಸ್ಕಿಯ ಸರ್ಕಾರಿ ಶಾಲೆಯಲ್ಲಿ ಮಾಸ್ತರನಾಗಿ, ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ಇದ್ದೆ. ವಾಕ್ಯ ಎಂದರೆ ಬೈಬಲ್ಲು; ಅದನ್ನು ನಾನು ಓದುತ್ತಲೇ ಇದ್ದೆ. ಐತವಾರ, ಚರ್ಚಿನಲ್ಲಿ, ಪಾದ್ರಿ ಅಯ್ಯನವರು ಪುಟ ಹೇಳಿದ ಮೇಲೆ. ಉಳಿದ ದಿನಗಳಲ್ಲಿ ದೇವರಿಗೆ ತೊಂದರೆ ಕೊಡುವ ಸ್ವಭಾವ ನನ್ನದಾಗಿರಲಿಲ್ಲ.

ಕನ್ಯೆಯ ಮನೆ ಸಿಂಧನೂರಿನಲ್ಲಿತ್ತು. ಆಕೆಯ ತಂದೆ ಸರ್ಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು. ‘ನೋಡಾಕ ಬರೋದಾದ್ರ ಬೆಳಗಿನ ಪ್ರಾರ್ಥನಿಗೇ ಬರ್ರಿ’ ಎಂದು ಹೇಳಿ ಕಳಿಸಿದ್ದರು. ಹಿಂದಿನ ದಿನವೇ ಮಸ್ಕಿಗೆ ಬಂದಿದ್ದ ನನ್ನ ಅವ್ವನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಹೊರಟೆ. ಕಂಕುಳಲ್ಲಿ ಚೈನು ಹಾಕಿದ ಕಪ್ಪು ಕವರಿನ ಸತ್ಯವೇದ. ನೌಕರಿ ಹತ್ತಿದಾಗ ಚರ್ಚಿನವರು ಬಹುಮಾನ ಕೊಟ್ಟಿದ್ದು. ಅಂಚಿಗೆ ಬಂಗಾರದ ಬಣ್ಣ, ನಡುವೆ ಕೆಂಪು ರಿಬ್ಬನ್ನು. ಕೈಯಲ್ಲಿ ಅದಿದ್ದರೆ ಅರ್ಧ ಲಗ್ನ ಆದ ಹಾಗೆ ಎಂಬುದು ಅವ್ವನ ಲೆಕ್ಕಾಚಾರ.

ಆ ಮನೆಯಲ್ಲಿ ಅಧ್ಯಾಯ ಮುಗಿಯುವವರೆಗೆ ಚಹಾಕ್ಕೆ ನೀರು ಇಡುವಂತಿರಲಿಲ್ಲ. ನಾವು ಹೋಗಿ ಚಾಪೆಯ ಮೇಲೆ ಕುಳಿತೆವು. ಹುಡುಗಿ ಅಡುಗೆಮನೆಯ ಪರದೆಯ ಪಕ್ಕದಲ್ಲಿ ತಾಯಿಯ ಜೊತೆ ಕುಳಿತಿದ್ದಳು. ನಾನು ಒಂದೇ ಸಲ ಆ ಕಡೆ ನೋಡಿ ಸಭ್ಯನಾದೆ. ಆ ಒಂದು ನೋಟದಲ್ಲಿಯೇ ನನ್ನ ಮಟ್ಟಿಗೆ ಮಾತುಕತೆ ಮುಗಿದಿತ್ತು.

ಕಂಪೌಂಡರ್ ಕನ್ನಡಕ ಒರೆಸಿಕೊಳ್ಳುತ್ತಾ ಅವ್ವನನ್ನು ಕೇಳಿದರು, ‘ಹುಡುಗ ದಿನಾ ವಾಕ್ಯ ಓದ್ತಾನೇನ್ರೀ?’

‘ಅಯ್ಯ, ಅದೇನು ಕೇಳ್ತೀರಿ! ಓದಲಾರದ ಬಾಯಾಗ ನೀರು ಸುದ್ದಾ ಹಾಕಂಗಿಲ್ಲರೀ’ ಎಂದಳು ಅವ್ವ, ಕ್ಷಣವೂ ತಡಮಾಡದೆ. ನನ್ನನ್ನು ಹೆತ್ತಾಗಲೂ ಆಕೆಯ ಮುಖದಲ್ಲಿ ಅಷ್ಟು ಅಭಿಮಾನ ಇದ್ದಿರಲಾರದು.

‘ಛಲೋ ಆತು. ಹಂಗಾರ ಇವತ್ತಿಂದು ಮಾಸ್ತರ ಓದ್ಲಿ.’

ಓದಲು ನನಗೇನು ಹೆದರಿಕೆ? ನಮ್ಮವರಿಗೆಲ್ಲ ಬಾಯಿಪಾಠವಿರುವ, ದೇವರೇ ನನ್ನ ಕುರುಬ ಎನ್ನುವ ಕೀರ್ತನೆಯನ್ನೇ ಎತ್ತಿಕೊಳ್ಳೋಣ ಎಂದು ಕವರಿನ ಚೈನು ಎಳೆದೆ. ಆದರೆ ಆ ಮನೆಯ ರೂಢಿ ಬೇರೆ. ಮೊದಲ ಪುಟದಿಂದ ಹಿಡಿದು ಕೊನೆಯ ಪುಟದವರೆಗೆ ಸಾಲಾಗಿ, ಒಂದನ್ನೂ ದಾಟದೆ ಓದಬೇಕು. ಮುಗಿದರೆ ಮತ್ತೆ ಮೊದಲಿನಿಂದ. ಅವತ್ತಿನ ಪಾಲಿಗೆ ಬಂದಿದ್ದು ವಂಶಾವಳಿ. ಯಾರ ಮಗ ಯಾರು, ಅವನ ಮಗ ಯಾರು ಎಂಬುದೇ ಆರಂಭದಿಂದ ಕೊನೆಯವರೆಗೆ.

ಪುಟ ತೆರೆಯಲು ಹೋದೆ. ಬಂಗಾರದ ಅಂಚಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹೊಸ ಪುಸ್ತಕಗಳು ಯಾರೂ ಮುಟ್ಟದಿದ್ದರೆ ಹಾಗೆಯೇ ಇರುತ್ತವೆ. ಉಗುರಿನಿಂದ ಬಿಡಿಸಿದೆ. ಚರ್ ಎಂದು ಸದ್ದಾಯಿತು. ಇನ್ನೊಂದು ಬಿಡಿಸಿದೆ, ಮತ್ತೆ ಚರ್. ಆ ನಿಶ್ಶಬ್ದ ಮನೆಯಲ್ಲಿ ಹೊಸ ಧೋತರ ಹರಿದ ಹಾಗೆ ಕೇಳಿಸಿತು. ಅವ್ವ ಸೂರು ನೋಡಿದಳು. ಪರದೆಯ ಹತ್ತಿರದಿಂದ ಒಂದು ನಗು ಹೊರಟು, ಸೆರಗಿನಲ್ಲಿ ಸಿಕ್ಕಿ ಕೆಮ್ಮಾಯಿತು.

ಆಮೇಲೆ ಹೆಸರುಗಳು. ಮೊದಲ ಸಾಲಿನಲ್ಲಿ ತಪ್ಪಿದೆ, ಎರಡನೆಯದರಲ್ಲಿ ತಂದೆಯನ್ನೇ ಮಗನ ಮಗನನ್ನಾಗಿ ಮಾಡಿದೆ. ದಿನವೂ ಮಕ್ಕಳ ಹಾಜರಿ ಕೂಗುವ ಮಾಸ್ತರ, ಹಾಜರಿಗೇ ಬಿದ್ದುಹೋದೆ.

ಚಹಾ ಬಂದ ಮೇಲೆ ಕಂಪೌಂಡರ್ ರೋಗಿಗೆ ಹೇಳುವ ದನಿಯಲ್ಲಿ ಹೇಳಿದರು: ‘ನೋಡು ತಮ್ಮಾ, ನಾ ಹೂಂ ಅನ್ನಂಗಿಲ್ಲ, ಒಲ್ಲೆ ಅಂತನೂ ಅನ್ನಂಗಿಲ್ಲ. ಗುರುಗುಂಟಾದ ಕಡಿಯಿಂದ ಒಂದು ಸಂಬಂಧ ಬಂದೈತಿ; ಆ ಹುಡುಗ ದಿನಾ ಓದ್ತಾನಂತ. ತುರ್ವಿಹಾಳದಾಗ ನಮ್ಮದೊಂದೀಟು ಗದ್ದಿ ಐತಿ, ಅದರ ಕೊಯ್ಲು ಮುಗಿಲಿ, ಆಮ್ಯಾಲ ಹೇಳ್ತೀನಿ. ಅಲ್ಲೀತನ ನೀ ಮುಂಜಾನಿ ಒಂದು ಅಧ್ಯಾಯ ತಗೋ. ಹೊಟ್ಟಿಗೆ ಏನೂ ಹಾಕ್ಕೊಳ್ಳಾಕ ಮೊದಲ. ಮನಸಿನ್ಯಾಗ ಓದಬ್ಯಾಡ, ನಿದ್ದಿ ಬರತೈತಿ. ಬಾಯಿ ಬಿಟ್ಟು ಓದು.’

ಬಸ್ಸು ಮಸ್ಕಿಗೆ ಬಂತು. ಇಳಿಯುವಾಗ ಅವ್ವ, ‘ಮನಿಯಾಗ ಒಮ್ಮೆರ ತೆಗೆದು ಗಾಳಿಗೆ ಹಿಡೀಬಾರದೇನೋ ಭಾಡ್ಯಾ?’ ಎಂದಳು.

ಹೀಗೆ ನನ್ನ ಆತ್ಮಿಕ ಜೀವನ ಆರಂಭವಾಯಿತು. ದೇವರ ಮೇಲಿನ ಭಕ್ತಿಯಿಂದ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆದರೆ ನನಗೆ ಪ್ರೇರಣೆ ಕೊಟ್ಟವನು ಗುರುಗುಂಟಾದ ಆ ಮುಖ ಕಾಣದ ಮನುಷ್ಯ.

ನನ್ನ ಕೋಣೆ ಇದ್ದದ್ದು ಒಬ್ಬ ವಿಧವೆ ಅಜ್ಜಿಯ ಮನೆಯ ಅಂಗಳದಲ್ಲಿ. ಹಣೆ ತುಂಬ ವಿಭೂತಿ, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ನಸುಕಿನಲ್ಲಿ ಆಕೆ ಪಡಸಾಲೆಯಲ್ಲಿ ಮೊಸರು ಕಡೆಯುತ್ತಿದ್ದಳು. ನಾನು ಈಚೆ ಬಾಯಿ ಬಿಟ್ಟು ಸೃಷ್ಟಿಯನ್ನು ಆರಂಭಿಸಿದೆ. ಮೊದಲ ಕೆಲವು ದಿನ ಮೊಸರಿನ ಸದ್ದು ನನ್ನದಕ್ಕಿಂತ ಜೋರಾಗಿತ್ತು. ಜಲಪ್ರಳಯದ ಹೊತ್ತಿಗೆ ಕಡಗೋಲು ನಿಧಾನವಾಯಿತು. ಮರುದಿನ ಎಮ್ಮೆಗೆ ಹುಲ್ಲು ಹಾಕುತ್ತಾ ಅಜ್ಜಿ ಕೇಳಿದಳು:

‘ಮಾಸ್ತರ, ಆ ಹಡಗಿನ್ಯಾಗ ಎಮ್ಮಿ ಸೈತ ಇದ್ದುವೇನ್ರೀ?’

‘ಎಲ್ಲಾ ಪ್ರಾಣಿ ಅಂತ ಬರದೈತಿ, ಅಜ್ಜಿ.’

‘ಮತ್ತ ಅಷ್ಟು ದಿನ ಮೇವು ಯಾರು ಒದಗಿಸಿದ್ರು?’

ಯಾವ ಅಯ್ಯನವರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಹೋಗಿ ಹುಡುಕಿದೆ. ಆಹಾರ ಕೂಡಿಸಿಕೊಳ್ಳಲು ಹೇಳಿದ ಮಾತು ಇತ್ತು. ನಾನೇ ಓದಿದ್ದೆ, ಆದರೆ ನೋಡಿರಲಿಲ್ಲ. ಅಜ್ಜಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಬಾಯಿ ಓದುವುದೂ ಮನುಷ್ಯ ಓದುವುದೂ ಬೇರೆ ಎಂದು ಅವತ್ತು ಸಣ್ಣಗೆ ಅನುಮಾನ ಬಂತು. ಮರುದಿನದಿಂದ ಅಜ್ಜಿ ಏನು ಕೇಳಬಹುದು ಎಂದು ಯೋಚಿಸಿಕೊಂಡೇ ಓದತೊಡಗಿದೆ. ಹಾಗೆ ಓದಿದರೆ ಪುಸ್ತಕವೇ ಬೇರೆಯಾಗಿ ಕಾಣುತ್ತದೆ. ಶಾಲೆಗೆ ನಡೆಯುವಾಗ ಬೆಳಗಿನ ಸಾಲೊಂದು ಚಪ್ಪಲಿಗೆ ಹತ್ತಿದ ಕರಿಮಣ್ಣಿನ ಹಾಗೆ ಜೊತೆಗೇ ಬರುತ್ತಿತ್ತು. ತಪ್ಪು ಮಾಡಿದ ಹುಡುಗನ ಮೇಲೆ ಬೆತ್ತ ಎತ್ತಿದರೆ ಆ ಸಾಲು ಎದುರಿಗೆ ನಿಲ್ಲುತ್ತಿತ್ತು. ಬಹಳ ಅನಾನುಕೂಲ.

ಅಣ್ಣಂದಿರು ತಮ್ಮನನ್ನು ಬಾವಿಗೆ ಎತ್ತಿಹಾಕಿದ ಕಥೆ ಬಂದ ಮೇಲಂತೂ ಅಜ್ಜಿಯ ಕೈ ಕೆಲಸಗಳೆಲ್ಲ ನಿಂತವು. ನಾನು ಏಳುವುದು ತಡವಾದರೆ ಬಾಗಿಲು ಬಡಿಯುತ್ತಿದ್ದಳು: ‘ಏಳ್ರೀ ಮಾಸ್ತರ! ಆ ಕೂಸನ್ನ ಬಾವ್ಯಾಗ ಬಿಟ್ಟು ಹೆಂಗ ನಿದ್ದಿ ಹತ್ತೀತು ನಿಮಗ?’

ಒಮ್ಮೆ, ಅವಸರವಿದ್ದಾಗ, ಅರ್ಧ ಅಧ್ಯಾಯ ಹಾರಿಸಲು ನೋಡಿದೆ. ‘ನಿನ್ನಿ ಅವ ಜೇಲಿನ್ಯಾಗ ಇದ್ದ, ಇವತ್ತು ಅರಮನ್ಯಾಗ ಅದಾನ. ನಡುವ ಯಾರು ಬಿಡಿಸಿದ್ರು? ಹಿಂದಕ್ಕ ಹೋಗ್ರಿ’ ಎಂದಳು. ಹಿಂದಕ್ಕೆ ಹೋಗಿ, ಪರದೇಶಕ್ಕೆ ಮಾರಾಟವಾಗಿದ್ದ ಆ ತಮ್ಮನನ್ನು ಜೇಲಿನಿಂದ ಬಿಡಿಸಿ, ರಾಜನ ಕಾಳಿನ ಉಗ್ರಾಣಕ್ಕೆ ಅಧಿಕಾರಿಯನ್ನಾಗಿ ಮಾಡಿದೆ. ಶಾಲೆಗೆ ತಡವಾಯಿತು.

ಇತ್ತ ಸಿಂಧನೂರಿನಿಂದ ಸುದ್ದಿ ಇಲ್ಲ. ತುರ್ವಿಹಾಳದ ಕಡೆಯಿಂದ ಬಂದ ಬಸ್ಸಿನವರನ್ನು ಕೊಯ್ಲು ಎಲ್ಲಿಗೆ ಬಂತು ಎಂದು ವಿಚಾರಿಸುವುದು ನನ್ನ ರೂಢಿಯಾಯಿತು. ಕಂಡಕ್ಟರು ನನ್ನನ್ನು ಭತ್ತದ ವ್ಯಾಪಾರಿ ಎಂದುಕೊಂಡ. ಕೊಯ್ಲು ಮುಗಿಯಿತು ಎಂದ ದಿನ ನನಗೆ ಅನ್ನ ಸೇರಲಿಲ್ಲ.

ಅದಾದ ಕೆಲವೇ ದಿನಕ್ಕೆ ಒಂದು ಬೆಳಗ್ಗೆ ನಾನು ಗಾಢ ನಿದ್ದೆಯಲ್ಲಿದ್ದಾಗ ಬಾಗಿಲು ಮುರಿಯುವಂತೆ ಸದ್ದಾಯಿತು.

‘ಮಾಸ್ತರ! ಅಣ್ಣಗೋಳು ಕಾಳಿಗಂತ ಬಂದು ತಮ್ಮನ ಮುಂದ ನಿಂತಾರ, ಅವರಿಗೆ ಗುರುತು ಹತ್ತಿಲ್ಲ. ಅವ ಹೇಳ್ತಾನೋ ಇಲ್ಲೋ? ನಂದು ಜೀವ ನಿಲ್ಲವಲ್ದು, ನೀವು ಮಲಗೀರಿ!’

ಲುಂಗಿಯಲ್ಲೇ ಎದ್ದು, ಮುಖಕ್ಕೆ ನೀರು ಹಾಕಿಕೊಂಡು, ಹೊಸ್ತಿಲಲ್ಲಿ ಕುಳಿತು ಓದಲು ಶುರು ಮಾಡಿದೆ. ಅಜ್ಜಿ ಎದುರಿಗೆ ಕುಳಿತಳು. ಕಥೆಯ ಆ ತಮ್ಮ, ಅಣ್ಣಂದಿರನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ ಅಳತೊಡಗಿದ. ತಾನು ಯಾರೆಂದು ಹೇಳಿದ. ತಂದೆ ಬದುಕಿದ್ದಾನೆಯೇ ಎಂದು ಕೇಳಿದ. ಸಣ್ಣವನಿದ್ದಾಗಿನಿಂದ ಸಾವಿರ ಸಲ ಕೇಳಿದ ಕಥೆ. ಆದರೆ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆ ಹೊತ್ತಿನಲ್ಲಿ ನನಗೆ ಸಿಂಧನೂರು ಇರಲಿಲ್ಲ, ಗುರುಗುಂಟಾ ಇರಲಿಲ್ಲ, ಕನ್ಯೆಯೂ ಇರಲಿಲ್ಲ. ಅಕ್ಷರ ಮಸುಕಾಗಿ ಓದು ನಿಂತುಬಿಟ್ಟಿತು.

‘ಮುಂದ ಓದು, ತಮ್ಮಾ’ ಎಂದಿತು ಒಂದು ಗಂಡು ದನಿ.

ತಲೆ ಎತ್ತಿದೆ. ಗೋದಲಿಯ ಕಟ್ಟೆಯ ಮೇಲೆ, ಎರಡು ಎಮ್ಮೆಗಳ ನಡುವೆ, ಕೊಡೆ ಹಿಡಿದುಕೊಂಡು ಕಂಪೌಂಡರ್ ಕುಳಿತಿದ್ದರು. ಮೊದಲ ಬಸ್ಸಿಗೆ ಬಂದಿದ್ದರಂತೆ. ಬಾಗಿಲು ಬಡಿದದ್ದನ್ನೂ ನೋಡಿದ್ದರು, ಬಡಿಸಿಕೊಂಡವನನ್ನೂ ನೋಡಿದ್ದರು.

ನಾನು ಏಳಲು ಹೋದೆ. ಅಜ್ಜಿ ಬಿಡಲಿಲ್ಲ. ‘ಕುಂದರ್ರಿ, ಮುಗಿಸ್ರಿ. ಯಣ್ಣಾ, ನೀವು ಯಾರರೇ ಆಗ್ರಿ, ನಡುವ ಮಾತಾಡಬ್ಯಾಡ್ರಿ.’

ಇಬ್ಬರೂ ಆಜ್ಞೆ ಪಾಲಿಸಿದೆವು. ಮುಗಿದ ಮೇಲೆ ಕಂಪೌಂಡರ್ ಅಜ್ಜಿಯನ್ನೇ ವಿಚಾರಿಸಿದರು:

‘ಅಕ್ಕಾರ, ಮಾಸ್ತರ ದಿನಾ ಓದ್ತಾನೇನ್ರೀ?’

ನಾನು ಕಣ್ಣಿನಲ್ಲೇ ಅಜ್ಜಿಯ ಕಾಲು ಹಿಡಿದೆ. ಆದರೆ ಆಕೆ ನನ್ನ ಅವ್ವ ಅಲ್ಲವಲ್ಲ.

‘ಓದೋದು ಓದ್ತಾನ್ರೀ. ಆದ್ರ ಈಗೀಗ ಎಬ್ಬಿಸಲಾರದ ಒಂದಿನಾನೂ ಎದ್ದಿಲ್ಲ. ಜ್ವರ ಬಂದಾಗ ಬಿಟ್ಟಾನ. ಒಮ್ಮೆ ನಡುವಿಂದು ಹಾರಿಸಾಕ ನೋಡ್ಯಾನ. ಹೆಸರು ಬಂದ್ರ ತೊದಲತಾನ. ಇದ್ದದ್ದು ಇದ್ದಂಗ ಹೇಳ್ತೀನಿ ನಾ.’

ನನ್ನ ಲಗ್ನ ಎಮ್ಮೆಯ ಕಾಲಡಿ ಬಿದ್ದಿತು ಎಂದುಕೊಂಡೆ. ಕಂಪೌಂಡರ್ ಕನ್ನಡಕ ತೆಗೆದರು. ಅದನ್ನು ಒರೆಸಲಿಲ್ಲ, ಕಣ್ಣನ್ನೇ ಒರೆಸಿಕೊಂಡರು.

‘ಅಕ್ಕಾರ, ನಂದೂ ಅಷ್ಟ ಐತ್ರೀ. ನಮ್ಮ ಮನಿಯಾಗ ಮೊದಲ ನಮ್ಮಾಕಿ ಎಬ್ಬಿಸ್ತಿದ್ದಳು, ಈಗ ಮಗಳು ಎಬ್ಬಿಸ್ತಾಳ. ಎಬ್ಬಿಸಿದ ಮ್ಯಾಲ ಕುಂತು ಓದ್ತಾನಲ್ಲ, ಸಾಕು. ಗುರುಗುಂಟಾದವನ ಊರಿಗೂ ಹೋಗಿದ್ದೆ. ಗಡಿಯಾರದಂಗ ಓದ್ತಾನ. ಏನು ಓದಿದಿ ಅಂತ ಕೇಳಿದ್ರ, ಪುಟದ ನಂಬರ ಹೇಳಿದ.’

ಅಜ್ಜಿಗೆ ಆಗ ವಿಷಯ ಹೊಳೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ‘ಓಹೋ, ಕನ್ಯಾದವರೇನು ನೀವು? ಮದುವಿ ಮಾಡಿ ಇವನ್ನ ನಿಮ್ಮೂರಿಗೆ ಎತ್ತಿಕೊಂಡು ಹೋಗೋರಿದ್ರ ನಾ ಒಪ್ಪಂಗಿಲ್ಲ ನೋಡ್ರೀ. ಅಪ್ಪ ಮಗ ಇನ್ನಾ ಕೂಡಿಲ್ಲ, ಕಥಿ ನಡುವ ಐತಿ.’

‘ಇಲ್ಲವ್ವಾ, ಮಗಳನ್ನ ಇಲ್ಲಿಗೇ ಕಳಿಸ್ತೀನಿ.’

‘ಆಕಿಗೆ ಓದಾಕ ಬರತೈತೇನು?’

‘ಇವನಕಿಂತ ಛಲೋ ಓದ್ತಾಳ.’

‘ಹಂಗಾರ ಆಗಲಿ’ ಎಂದಳು ಅಜ್ಜಿ.

ನನ್ನ ಮದುವೆ ನಿಶ್ಚಯವಾದದ್ದು ಹೀಗೆ. ಮಾತು ಕೊಟ್ಟವರೊಬ್ಬರು, ಮಾತು ತೆಗೆದುಕೊಂಡವರೊಬ್ಬರು. ಅವರಿಬ್ಬರಲ್ಲಿ ಯಾರಿಗೂ ನನ್ನ ಅಭಿಪ್ರಾಯ ಕೇಳಬೇಕೆಂದು ತೋಚಲಿಲ್ಲ. ಕೇಳಿದ್ದರೆ ನಾನು ಒಪ್ಪುತ್ತಿದ್ದೆ.