ಲಾಹಿರಿಯವರ ಒಳಿತು-ಕೆಡುಕು

ಕೋಲ್ಕತ್ತದ ಟಾಲಿಗಂಜಿನಲ್ಲಿ ಶಿಬೇಂದು ಲಾಹಿರಿ ಎಂದರೆ ದೊಡ್ಡ ಸಿನಿಮಾ ನಿರ್ದೇಶಕರು, ತಿಂಡಿಗೆ ಪೂರಿಯಂಥ ಲೂಚಿ ಮುರಿಯುವಾಗಲೂ ಒಳಿತು-ಕೆಡುಕಿನ ಮಾತೇ ಆಡುವ ಮನುಷ್ಯ. ವರ್ಷಗಟ್ಟಲೆ ತಪಸ್ಸು ಮಾಡಿ ಅವರು ತೆಗೆದ ಸಿನಿಮಾದಲ್ಲಿ ಬಿಳಿ ಬಟ್ಟೆಯ ಒಳಿತೂ ಕರಿ ಬಟ್ಟೆಯ ಕೆಡುಕೂ ಗಂಗೆಯ ದಡದಲ್ಲಿ ಕೂತು ಮೂರು ಗಂಟೆ ವಾದ ಮಾಡುತ್ತವೆ. ಗೆಲ್ಲುವುದು ಮಾತ್ರ ನಿದ್ದೆ. ಮಧ್ಯಂತರದಲ್ಲೇ ಮನೆಗೆ ಹೊರಟವರನ್ನು ಲಾಹಿರಿ ಬಾಗಿಲಲ್ಲಿ ತಡೆದು, "ಅರ್ಥ ಆಗ್ಲಿಲ್ವಾ? ಇನ್ನೊಂದ್ಸಲ ನೋಡಿ," ಎನ್ನುತ್ತಿದ್ದರು. "ಕೆಡುಕು ಅಂದ್ರೇನು ಅಂತ ಚೆನ್ನಾಗೇ ಅರ್ಥ ಆಯ್ತು ದಾದಾ," ಎಂದು ಒಬ್ಬ ತಪ್ಪಿಸಿಕೊಂಡ. ಪತ್ರಿಕೆಯವರು ಬೈದಾಗಲೂ, "ಅವ್ರಿಗೇನ್ ಗೊತ್ತು!" ಎಂದು ನಕ್ಕುಬಿಟ್ಟರು. ಆದರೆ ಅವರ ಒಂದೊಂದು ಸಿನಿಮಾವನ್ನೂ ಮುಲಾಜಿಲ್ಲದೆ ಹರಿದು ಹಾಕುತ್ತಿದ್ದ ಹೆಂಡತಿ ಬಾಸಂತಿ, ಅಂದು ಮಾತ್ರ ತಟ್ಟೆಗೆ ಮೀನು ಬಡಿಸುತ್ತಾ ಮೆಲ್ಲಗೆ, "ಚೆನ್ನಾಗೇ ಇದೆ ಬಿಡ್ರೀ, ಊಟ ಮಾಡಿ," ಎಂದಳು. ಸಿನಿಮಾ ಸೋತಿದೆಯೆಂದು ಲಾಹಿರಿಯವರಿಗೆ ಆಗ ಗೊತ್ತಾಯಿತು.